ರ‍್ಯಾಪ್‌ನಿಂದ ರೇಡಿಯೊಗೆ, ಅಲ್ಲಿಂದ ಕ್ಯಾಮೆರಾ ಮುಂದಕ್ಕೆ: ಏನು ಉಳಿಸಿಕೊಳ್ಳಬೇಕು, ಏನು ಬಿಡಬೇಕು

ರ‍್ಯಾಪ್ ಮಾಡುವ ಹೆಣ್ಣುಮಕ್ಕಳು ಆರ್‌ಜೆ (ರೇಡಿಯೊ ನಿರೂಪಕಿ) ಆಡಿಷನ್‌ಗೆ ಬಂದಾಗ ಅವರ ಬಗ್ಗೆ ಬರುವ ಮೊದಲ ದೂರು ‘ತುಂಬಾ ಸ್ಪೀಡು’. ಈ ದೂರು ಸರಿಯಲ್ಲ. 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಬೀಟಿನಲ್ಲಿ ಒಂದೊಂದು ಬೀಟಿಗೆ ನಾಲ್ಕು ಅಕ್ಷರ ಕೂರಿಸಿದರೆ ಸೆಕೆಂಡಿಗೆ 6 ಅಕ್ಷರ ಆಗುತ್ತದೆ. ಜಯನಗರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಹರಟೆ ಹೊಡೆಯುವವರ ವೇಗವೂ ಹೆಚ್ಚೂಕಡಿಮೆ ಅಷ್ಟೇ. ತೊಡಕು ಇರುವುದು ಬೇರೆ ಕಡೆ. ರ‍್ಯಾಪ್‌ನಲ್ಲಿ ಅಕ್ಷರಗಳು ಸಮ ಅಂತರದಲ್ಲಿ ಬೀಳುತ್ತವೆ, ಹಿಂದೆ ಬೀಟ್ ಇರುವುದರಿಂದ ಕಿವಿಗೆ ಹಿಡಿತ ಸಿಗುತ್ತದೆ. ಬೀಟ್ ತೆಗೆದು ಅದೇ ಸಮ ಅಂತರದಲ್ಲಿ ಮಾತಾಡಿದರೆ, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುತ್ತಿರುವ ಕೇಳುಗರಿಗೆ ಯಾವ ಪದಕ್ಕೆ ಕಿವಿಗೊಡಬೇಕು ಎಂದೇ ತಿಳಿಯುವುದಿಲ್ಲ.

ಹಾಗಾಗಿ ಅಭ್ಯಾಸ ಮಾಡಬೇಕಾದದ್ದು ನಿಧಾನವಾಗಿ ಮಾತಾಡುವುದನ್ನಲ್ಲ, ನಿಲ್ಲಿಸುವುದನ್ನು. 30 ಸೆಕೆಂಡಿನ ಲಿಂಕಿಗೆ (ಹಾಡುಗಳ ನಡುವೆ ಆಡುವ ಮಾತಿಗೆ) ಒಂದೇ ವಿಷಯ, 55ರಿಂದ 60 ಪದ ಸಾಕು. ಅದರಲ್ಲಿ ಮುಖ್ಯವಾದ ಒಂದು ಪದಕ್ಕೆ ಗೆರೆ ಎಳೆದುಕೊಳ್ಳಿ, ಆ ಪದ ಬರುವ ಮುಂಚೆ ಅರ್ಧ ಸೆಕೆಂಡು ಬಾಯಿ ಮುಚ್ಚಿ. ವೇದಿಕೆಯ ಮೇಲೆ ಖಾಲಿ ಜಾಗ ಕಂಡರೆ ತುಂಬುವುದೇ ಅಭ್ಯಾಸವಾಗಿರುವವರಿಗೆ ಈ ಅರ್ಧ ಸೆಕೆಂಡು ತುಂಬ ಕಷ್ಟ.

ಕನ್ನಡಕ್ಕೇ ಸೇರಿದ ಇನ್ನೊಂದು ತೊಂದರೆಯನ್ನು ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಟ್ರಾಫಿಕ್ ಇದೆ, ಮೋಡ ಇದೆ, ಹಾಡೂ ಇದೆ’ ಎಂದರೆ ಸಾಲಾಗಿ ಮೂರು ಅಂತ್ಯಪ್ರಾಸ. ರ‍್ಯಾಪ್ ಬರೆಯುವವರ ಕಿವಿ ಅದನ್ನು ಬೇಗ ಹಿಡಿದು ಅದೇ ಜಾಡಿನಲ್ಲಿ ಓಡುತ್ತದೆ, ಲಿಂಕ್ ರಾಗವಾಗಿಬಿಡುತ್ತದೆ. ‘ಹೆಬ್ಬಾಳ ಫ್ಲೈಓವರ್ ಮೇಲೆ ಗಾಡಿಗಳ ಸಾಲು. ಛತ್ರಿ ತಗೊಂಡಿದ್ದೀರಾ?’ ಎನ್ನುವ ಹಾಗೆ ಒಂದು ವಾಕ್ಯ ನಾಮಪದದಲ್ಲಿ, ಇನ್ನೊಂದು ಪ್ರಶ್ನೆಯಲ್ಲಿ ಮುಗಿಯಲಿ. ಪ್ರಾಸ ಬೇಕೇ ಬೇಕಿದ್ದರೆ ಆದಿಪ್ರಾಸ ಬಳಸಿ. ಅದು ಮಾತಿಗೆ ಬಿಗಿ ಕೊಡುತ್ತದೆ, ರಾಗ ತರುವುದಿಲ್ಲ.

ಮೈಕ್ ವಿಷಯದಲ್ಲಿ ಹಳೆಯ ಅಭ್ಯಾಸವನ್ನು ಪೂರ್ತಿ ಬಿಡಬೇಕು. ವೇದಿಕೆಯಲ್ಲಿ ಮೈಕನ್ನು ತುಟಿಗೆ ತಾಗಿಸಿ ಹಿಡಿಯುತ್ತಾರೆ, ಕೆಲವರು ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚುತ್ತಾರೆ. ಮುಚ್ಚಿದರೆ ಮೈಕ್ ಮುಂದಿನ ಸದ್ದನ್ನಷ್ಟೇ ಎತ್ತಿಕೊಳ್ಳುವ ಗುಣ ಕಳೆದುಕೊಳ್ಳುತ್ತದೆ, ವೇದಿಕೆಯ ಮಾನಿಟರ್ ಸ್ಪೀಕರ್ ಕಿರುಚುತ್ತದೆ. ತೀರಾ ಹತ್ತಿರ ಹಿಡಿದರೆ ತಗ್ಗು ಸ್ವರ ಉಬ್ಬಿ ದನಿ ದಪ್ಪವಾಗುತ್ತದೆ. ಸ್ಟುಡಿಯೊದಲ್ಲಿ ತುಟಿಗೂ ಮೈಕಿಗೂ 10ರಿಂದ 15 ಸೆಂಟಿಮೀಟರ್ ಅಂತರ ಇರಲಿ. ಬಾಯಿ ನೇರ ಎದುರಿಗೆ ಬೇಡ, ಸ್ವಲ್ಪ ಓರೆಯಾಗಿರಲಿ. ಪ, ಫ, ಬ, ಭ ಹೇಳುವಾಗ ಹೊರಡುವ ಗಾಳಿ ಆಗ ಪಕ್ಕಕ್ಕೆ ಹೋಗುತ್ತದೆ.

ಕೂಗಿದರೂ ರೇಡಿಯೊದಲ್ಲಿ ಜೋರಾಗಿ ಕೇಳುವುದಿಲ್ಲ. ಪ್ರಸಾರದ ಕೊನೆಯಲ್ಲಿ ಕಂಪ್ರೆಸರ್, ಲಿಮಿಟರ್ ಕೂತಿರುತ್ತವೆ. ಕೂಗನ್ನು ಅವು ತಗ್ಗಿಸುತ್ತವೆ, ದನಿ ಬರೀ ಚಪ್ಪಟೆಯಾಗಿ ಕೇಳುತ್ತದೆ. ಮಾತು ನಿಂತ ಕೂಡಲೇ ಅದೇ ಯಂತ್ರ ಸಣ್ಣ ಸದ್ದುಗಳನ್ನು ಮೇಲೆತ್ತುತ್ತದೆ. ನಾಲ್ಕು ಬಾರ್ (ಒಂದು ಬಾರ್ ಎಂದರೆ ನಾಲ್ಕು ಬೀಟ್) ಒಂದೇ ಉಸಿರಲ್ಲಿ ಹೇಳಿ ಕೊನೆಗೆ ‘ಹ್ಹಾ’ ಎಂದು ಎಳೆಯುವ ಉಸಿರು ಆಗ ಮಾತಿನಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಲಿಂಕಿನ ನಡುವೆ ಸಣ್ಣ ಉಸಿರು, ಮೂಗಿನಿಂದ ತೆಗೆದುಕೊಳ್ಳಿ. ರಾತ್ರಿ ಕಾರ್ಯಕ್ರಮ ಕೊಟ್ಟ ಮರುದಿನ ಬೆಳಿಗ್ಗೆ 7ಕ್ಕೆ ಶೋ ಇದ್ದರೆ ಗಂಟಲು ಕೆರೆಯಬೇಡಿ. ಲೋಟದ ನೀರಿನಲ್ಲಿ ಸ್ಟ್ರಾ ಎರಡು ಸೆಂಟಿಮೀಟರ್ ಮುಳುಗಿಸಿ ಐದು ನಿಮಿಷ ‘ಊ’ ಎಂದು ಮೆಲ್ಲಗೆ ಗುಳ್ಳೆ ಎಬ್ಬಿಸಿ.

ಇನ್ನು ರ‍್ಯಾಪ್‌ನಿಂದ ಬಂದವರು ಎಲ್ಲರನ್ನೂ ಮೀರಿಸುವ ಜಾಗ. ಹಾಡಿನ ಇಂಟ್ರೊ ಮೇಲೆ ಮಾತಾಡಿ ಗಾಯಕಿಯ ದನಿ ಶುರುವಾಗುವ ಹೊತ್ತಿಗೆ ಸರಿಯಾಗಿ ಮುಗಿಸುವುದನ್ನು ಹೊಸ ಆರ್‌ಜೆಗಳು ಸ್ಕ್ರೀನಿನ ಟೈಮರ್ ನೋಡಿಕೊಂಡು ಮಾಡುತ್ತಾರೆ, ತಡವರಿಸುತ್ತಾರೆ. 96 ಬಿಪಿಎಂ ಹಾಡಿಗೆ 8 ಬಾರ್ ಇಂಟ್ರೊ ಇದ್ದರೆ 32 ಬೀಟ್, ಅಂದರೆ ಸರಿಯಾಗಿ 20 ಸೆಕೆಂಡು. ಬಾರ್ ಎಣಿಸಿ ಅಭ್ಯಾಸ ಇರುವವರಿಗೆ ಟೈಮರ್ ಬೇಕಿಲ್ಲ. ಏಳನೇ ಬಾರ್‌ನಲ್ಲೇ ಮಾತು ಮುಗಿಸಿ ಎಂಟನೆಯದನ್ನು ಹಾಡಿಗೇ ಬಿಟ್ಟುಕೊಟ್ಟರೆ ಕೇಳಲು ಬಹಳ ಚೆಂದ.

ಕರೆ ಮಾಡುವ ಕೇಳುಗರ ಜೊತೆ ಮಾತ್ರ ಮಾತಲ್ಲೇ ಎದುರಾಳಿಯನ್ನು ಸೋಲಿಸುವ ಬ್ಯಾಟಲ್ ಬುದ್ಧಿ ಬೇಡ. ಹಾಡು ಓಡುವಾಗ ಕರೆ ರೆಕಾರ್ಡ್ ಮಾಡಿ, 40 ಸೆಕೆಂಡಿಗೆ ಕತ್ತರಿಸಿ ಹಾಕುವುದು ರೂಢಿ. ಆ 40 ಸೆಕೆಂಡಿನಲ್ಲಿ ಒಳ್ಳೆಯ ಸಾಲು ಫೋನ್ ಮಾಡಿದ ಅಕ್ಕನದೋ ಅಣ್ಣನದೋ ಆಗಿರಲಿ.

ಕಾಯಿದೆಯ ಮಾತು. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು-ಕರೆಂಟಿನ ಪ್ರಕಟಣೆಗಳಿಗೆ ಅಡ್ಡಿಯಿಲ್ಲ. ಯೂಟ್ಯೂಬಿನಲ್ಲಿ ರಾಜಕೀಯವಾಗಿ ಹಾಡಿದ ಸಾಲನ್ನು ಶೋನಲ್ಲಿ ಹಾಗೇ ಹೇಳಲಾಗದು ಎಂಬುದನ್ನು ಕೆಲಸಕ್ಕೆ ಸೇರುವ ಮುಂಚೆಯೇ ತಿಳಿದಿರಬೇಕು. ಕರಾರು ಓದುವಾಗ ಇನ್ನೂ ಎರಡು ವಿಷಯ ನೋಡಿ. ನೌಕರಿಯ ಭಾಗವಾಗಿ ಬರೆದ ಜಿಂಗಲ್, ರ‍್ಯಾಪ್ ಸಾಲು ಬೇರೆ ಒಪ್ಪಂದ ಇಲ್ಲದಿದ್ದರೆ ಸ್ಟೇಷನ್ನಿನ ಸ್ವತ್ತು. ನಿಮ್ಮ ಹಳೆಯ ಹಾಡುಗಳ ಕತೆ ಬೇರೆ: 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕೊಟ್ಟವರ ರಾಯಧನ ವಸೂಲಿ ಮಾಡಿಕೊಡುವ ಸಂಘ) ಸದಸ್ಯತ್ವ ಮಾಡಿಸಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ.

ರ‍್ಯಾಪ್, ರೇಡಿಯೊ, ನಟನೆ ಈ ಮೂರೂ ಕೆಲಸ ಮಾಡಿದವರಲ್ಲಿ ಅಮೆರಿಕದ ಡಾ ಬ್ರ್ಯಾಟ್ ಹೆಸರು ಮೊದಲು ನೆನಪಾಗುತ್ತದೆ. 1994ರ ಮೊದಲ ಆಲ್ಬಮ್ಮಿನಿಂದ ಪ್ಲಾಟಿನಂ (ಹತ್ತು ಲಕ್ಷ ಪ್ರತಿ) ಮಾರಾಟ ಮುಟ್ಟಿದ ಮೊದಲ ಒಂಟಿ ರ‍್ಯಾಪ್ ಗಾಯಕಿ ಆಕೆ. ಆಮೇಲೆ ಸಿನಿಮಾಗಳಲ್ಲಿ ನಟಿಸಿದರು, ರಿಕ್ಕಿ ಸ್ಮೈಲಿಯವರ ಬೆಳಗಿನ ರೇಡಿಯೊ ಶೋನಲ್ಲಿ ಸಹನಿರೂಪಕಿಯಾದರು. ಅಲ್ಲಿ ಅವರು ಒಬ್ಬರೇ ಶೋ ಎಳೆಯಲಿಲ್ಲ, ತಂಡದ ಒಂದು ದನಿಯಾದರು. ನಮ್ಮಲ್ಲೂ ಹೊಸಬರನ್ನು ಮೊದಲು ಜೋಡಿ ಶೋಗೆ ಹಾಕುವುದು ಒಳ್ಳೆಯದು, ಕೇಳಿಸಿಕೊಳ್ಳುವುದು ರೂಢಿಯಾಗುತ್ತದೆ.

ಆ ಕೇಳಿಸಿಕೊಳ್ಳುವಿಕೆಯೇ ನಟನೆಗೆ ಬೇಕಾದ ಬಂಡವಾಳ. ಆರ್‌ಜೆ ಆಗಿದ್ದವರು ಎಲ್ಲವನ್ನೂ ದನಿಯಲ್ಲೇ ಮಾಡಿ ಮುಗಿಸುತ್ತಾರೆ, ಎದುರಿನವರ ಮಾತು ನಡೆಯುವಾಗ ಮುಖ ಖಾಲಿ ಇರುತ್ತದೆ. ರ‍್ಯಾಪ್ ಮಾಡಿದವರ ಕೈ ಪ್ರತಿ ಒತ್ತಿಗೂ ಏಳುತ್ತದೆ. ಕ್ಲೋಸಪ್‌ನಲ್ಲಿ ಕೈ ಫ್ರೇಮಿಗೆ ಬಂದು ಹೋಗಿ ಶಾಟ್ ಕೆಡುತ್ತದೆ. ವೈಡ್ ಶಾಟಿನಲ್ಲಿ ಯಾವ ಪದಕ್ಕೆ ಕೈ ಎತ್ತಿದಿರೋ ಉಳಿದ ಶಾಟಿನಲ್ಲೂ ಅದೇ ಪದಕ್ಕೆ ಎತ್ತದಿದ್ದರೆ ಎಡಿಟಿಂಗ್‌ನಲ್ಲಿ ಕೂರುವುದಿಲ್ಲ. ಡಬ್ಬಿಂಗಿನಲ್ಲಿ ಮಾತ್ರ ಇವರನ್ನು ಹಿಡಿಯುವವರಿಲ್ಲ. ಹೆಡ್‌ಫೋನಿನಲ್ಲಿ ಮೂರು ಬೀಪ್ ಬರುತ್ತದೆ, ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಮಾತು ಶುರು. ನಾಲ್ಕರ ಲೆಕ್ಕ ಮೈಗೂಡಿದವರಿಗೆ ಅದು ಸಲೀಸು, ತುಟಿಚಲನೆಯ ಮೇಲಷ್ಟೇ ಗಮನ ಇದ್ದರೆ ಸಾಕು.

ಬೆಳಗಿನ ಶೋ ಮಾಡುತ್ತಲೇ ಧಾರಾವಾಹಿಯ ಮುಖ್ಯ ಪಾತ್ರ ಒಪ್ಪಿಕೊಳ್ಳುವುದು ಬೇಡ. ಶೋ 11ಕ್ಕೆ ಮುಗಿಯುವ ಹೊತ್ತಿಗೆ ಸೆಟ್ಟಿನಲ್ಲಿ ಅರ್ಧ ದಿನದ ಕೆಲಸ ಆಗಿರುತ್ತದೆ. ಮೊದಲು ತಿಂಗಳಿಗೆ ಕೆಲವೇ ದಿನ ಕೇಳುವ ಪೋಷಕ ಪಾತ್ರ ತೆಗೆದುಕೊಳ್ಳಿ. ಮುಖ್ಯ ಪಾತ್ರ ಬಂದರೆ ವಾರಾಂತ್ಯದ ಶೋಗೆ ಬದಲಾಯಿಸಿಕೊಡಿ ಎಂದು ಪ್ರೋಗ್ರಾಮಿಂಗ್ ಹೆಡ್ ಅವರನ್ನು ಕೇಳಿ, ಅದನ್ನು ಬರಹದಲ್ಲಿ ಪಡೆದ ಮೇಲೆಯೇ ನಿರ್ಮಾಪಕರಿಗೆ ಡೇಟ್ಸ್ ಕೊಡಿ.