ಸೆನುವಾಳ ಕಿವಿಯಲ್ಲಿ

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಗೊತ್ತಲ್ಲ. ಕರೆಂಟ್ ಇದ್ದಷ್ಟು ಹೊತ್ತು 'ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್' ಆಡುತ್ತಿದ್ದೇನೆ. 2017ರ ಗೇಮ್. ನಾಯಕಿ ಸೆನುವಾಗೆ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದಂಥ ಮಾನಸಿಕ ಸ್ಥಿತಿ. ಇಲ್ಲದ ದನಿಗಳು ಅವಳಿಗೆ ಕೇಳುತ್ತವೆ. ಹೆಡ್‌ಫೋನ್ ಹಾಕಿಕೊಂಡರೆ ನಮಗೂ ಕೇಳುತ್ತವೆ. ಒಂದು ಎಡಗಿವಿಯಲ್ಲಿ ನಗುತ್ತದೆ, ಇನ್ನೊಂದು ಬೆನ್ನ ಹಿಂದೆ ನಿಂತು ಕೈಲಾಗದವಳು ಅಂತ ಹಂಗಿಸುತ್ತದೆ. ಮಜಾ ಏನಂದ್ರೆ, ಹಿಂದಿನಿಂದ ಶತ್ರು ಬಂದಾಗ ಎಚ್ಚರಿಸುವುದೂ ಅವೇ. ಕಿವಿ ಮುಚ್ಚಿಕೊಳ್ಳುವ ಹಾಗೂ ಇಲ್ಲ, ಪೂರ್ತಿ ನಂಬುವ ಹಾಗೂ ಇಲ್ಲ.

ಇದನ್ನು ಮಾಡಿದ ನಿಂಜಾ ಥಿಯರಿಯವರು ಕೇಂಬ್ರಿಡ್ಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರ ಸಲಹೆ ಪಡೆದಿದ್ದರು. ಸೈಕೋಸಿಸ್ ಅನುಭವಿಸಿದವರ ಮಾತನ್ನೂ ಕೇಳಿದ್ದರು. ಅದು ಆಡುವಾಗ ಗೊತ್ತಾಗುತ್ತದೆ. ಎಷ್ಟೋ ಹಾರರ್ ಗೇಮ್‌ಗಳಿಗೆ ಹುಚ್ಚಾಸ್ಪತ್ರೆ ಅಂದರೆ ಸುಮ್ನೆ ಒಂದು ದೆವ್ವದ ಮನೆ, ರೋಗಿ ಅಂದರೆ ಚಾಕು ಹಿಡಿದು ಓಡಿಬರುವವನು. ಸೋಮಾರಿತನ ಅಷ್ಟೇ.

ಸೆನುವಾಳ ಸುತ್ತಲಿನವರು ಅವಳಿಗೆ ಶಾಪ ತಟ್ಟಿದೆ ಅಂತ ನಂಬಿದ್ದರು. ನಮ್ಮ ಕಡೆ ಗಾಳಿ ಸೋಕಿದೆ ಅಂತಾರಲ್ಲ, ಹಾಗೇ. ತಾಯತ ಕಟ್ಟಿಸಿ, ಹರಕೆ ಹೊತ್ತು, ಎಲ್ಲ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋದವರು ನಮ್ಮೂರಲ್ಲಿ ಕಡಿಮೆಯೇನಿಲ್ಲ. ಅವರನ್ನು ಬೈಯುವುದು ಸುಲಭ ಬಿಡಿ. ಆ ದನಿ ಹೇಗಿರುತ್ತೆ ಅಂತ ಅವರಿಗೆ ಯಾರು ಕೇಳಿಸಿದ್ದರು?

ಇದಾದ ಮೇಲೆ ಆಡಬೇಕಿರುವ ಗೇಮ್ 2018ರ 'ಸೆಲೆಸ್ಟ್'. ಅದರಲ್ಲಿ ಗಾಬರಿ ಹತ್ತಿದ ಹುಡುಗಿಯ ಉಸಿರಿಗೆ ತಕ್ಕಂತೆ ನಾವು ಒಂದು ಗರಿಯನ್ನು ತೇಲಿಸಬೇಕಂತೆ. ಇಷ್ಟು ಸಾಕು, ಆಡಿದವರು ದಯವಿಟ್ಟು ಮಿಕ್ಕ ಕಥೆ ಹೇಳಿಬಿಡಬೇಡಿ.