ಪಾಸ್‌ಬುಕ್ ಓದಿಸಿದ ಮೇಷ್ಟ್ರು, ನ್ಯೂಯಾರ್ಕಿನ ನ್ಯಾಯಮೂರ್ತಿ

ನಮ್ಮ ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಅಧಿನಿಯಮ ಕಲಿಸುತ್ತಿದ್ದ ಮೇಷ್ಟ್ರು ಒಂದು ಮಧ್ಯಾಹ್ನ ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟು, ತಮ್ಮದೇ ಬ್ಯಾಂಕ್ ಪಾಸ್‌ಬುಕ್ಕನ್ನು ಮೊದಲ ಬೆಂಚಿಗೆ ಕೊಟ್ಟು, ಎಲ್ಲರೂ ಓದಿ ಎಂದರು. ಮೂಲೆ ಮಡಚಿಕೊಂಡಿದ್ದ, ನೀಲಿ ಶಾಯಿಯ ಕೈಬರಹದ ಆ ಪುಸ್ತಕ ಕೊನೆಯ ಬೆಂಚು ತಲುಪಿದಾಗ ಸಹಪಾಠಿಯೊಬ್ಬಳು ಎದ್ದು, "ಸರ್, ಪ್ರತಿ ತಿಂಗಳೂ ಸಂಬಳ ಜಮಾ ಆದ ಮರುದಿನ ಮುನ್ನೂರು ರೂಪಾಯಿ ತೆಗೆದಿದ್ದೀರಿ, ಜೂನಿನಲ್ಲಿ ಮಾತ್ರ ತೆಗೆದಿಲ್ಲ" ಎಂದಳು. "ಈಗ ನೀನು ನನ್ನನ್ನು ಪ್ರಶ್ನೆ ಕೇಳಬಹುದಮ್ಮ. ಮೊದಲೇ ಕೇಳಿದ್ದರೆ ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದೆ" ಎಂದ ಮೇಷ್ಟ್ರು ಅಲ್ಲಿಂದ ನೇರವಾಗಿ ಸ್ಯಾಮ್ಯುಯೆಲ್ ಸೀಬರಿಯವರ ವಿಷಯಕ್ಕೆ ಬಂದರು.

ಸೀಬರಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು, 1916ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತು, ವಕೀಲಿಗೆ ಮರಳಿದ್ದವರು. 1930ರಲ್ಲಿ ನ್ಯೂಯಾರ್ಕ್ ನಗರದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿನ ಭ್ರಷ್ಟಾಚಾರದ ತನಿಖೆಯ ಹೊಣೆ ಅವರ ಮೇಲೆ ಬಿತ್ತು; ಮುಂದೆ ಅದು ಇಡೀ ನಗರಾಡಳಿತಕ್ಕೂ ಹಬ್ಬಿತು. ನಗರದ ಆಡಳಿತವೆಲ್ಲ ಆಗ ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟದ ಹಿಡಿತದಲ್ಲಿತ್ತು. ಆ ನ್ಯಾಯಾಲಯಗಳ ತನಿಖೆಯಲ್ಲಿ ಹೊರಬಿದ್ದ ಸಂಗತಿಗಳನ್ನು ಹೇಳುವಾಗ ಮೇಷ್ಟ್ರ ದನಿ ತಗ್ಗುತ್ತಿತ್ತು. ಪೊಲೀಸರು ತಮ್ಮದೇ ಬಾತ್ಮೀದಾರರನ್ನು ಮುಂದೆ ಬಿಟ್ಟು ನಿರಪರಾಧಿ ಹೆಂಗಸರ ಮೇಲೆ ವೇಶ್ಯಾವೃತ್ತಿಯ ಸುಳ್ಳು ಮೊಕದ್ದಮೆ ಹೂಡುವುದು, ಜಾಮೀನು ಕೊಡಿಸುವ ದಲ್ಲಾಳಿಯೂ ವಕೀಲನೂ ಅವರ ಉಳಿತಾಯವನ್ನೆಲ್ಲ ಹಿಂಡಿಕೊಳ್ಳುವುದು, ಹಣ ಹೊಂದಿಸಲಾಗದವಳು ಜೈಲಿಗೆ ಹೋಗುವುದು, ಇವೆಲ್ಲ ನ್ಯಾಯಾಲಯದ ಆವರಣದಲ್ಲೇ ನಡೆಯುತ್ತಿದ್ದವು. ನಗರಾಡಳಿತದ ಭ್ರಷ್ಟಾಚಾರವೆಂದರೆ ಗುತ್ತಿಗೆಯ ಹಣವಷ್ಟೇ ಎಂದುಕೊಂಡಿದ್ದ ನನಗೆ, ಅದು ಒಬ್ಬ ಬಡ ಹೆಂಗಸಿನ ಮಾನವನ್ನೂ ಮಾರಾಟಕ್ಕಿಡಬಲ್ಲದು ಎಂಬುದು ಅಂದು ಮನಸ್ಸಿಗೆ ನಾಟಿತು.

ಸೀಬರಿಯವರ ಕ್ರಮ ಸರಳವಾಗಿತ್ತು. ಅವರ ಕೈಕೆಳಗಿನ ಯುವ ವಕೀಲರು ಬ್ಯಾಂಕ್ ಖಾತೆ, ಷೇರು ದಲ್ಲಾಳಿಗಳ ಲೆಕ್ಕಗಳನ್ನು ತರಿಸಿ ಸಾಲುಸಾಲಾಗಿ ಓದುತ್ತಿದ್ದರು. ಸಾಕ್ಷಿಯನ್ನು ಮೊದಲು ಖಾಸಗಿಯಾಗಿ ವಿಚಾರಿಸಿ, ಆಮೇಲೆ ಬಹಿರಂಗ ವಿಚಾರಣೆಗೆ ಕರೆಯುತ್ತಿದ್ದರು. ಶೆರಿಫ್ ಎಂಬ ಕಾನೂನು ಜಾರಿ ಹುದ್ದೆಯಲ್ಲಿದ್ದ ಥಾಮಸ್ ಫಾರ್ಲಿ ತಮ್ಮ ಸಂಬಳಕ್ಕೆ ಯಾವ ಲೆಕ್ಕದಲ್ಲೂ ಹೊಂದದ, ಮೂರೂವರೆ ಲಕ್ಷ ಡಾಲರಿಗೂ ಮೀರಿದ ಹಣವನ್ನು ಕೆಲವೇ ವರ್ಷಗಳಲ್ಲಿ ಬ್ಯಾಂಕಿಗೆ ಕಟ್ಟಿದ್ದರು. ಎಲ್ಲಿಂದ ಬಂತು ಎಂದಾಗ, ಮನೆಯಲ್ಲಿದ್ದ ತಗಡಿನ ಡಬ್ಬಿಯಿಂದ ಎಂದರು. ಗವರ್ನರ್ ಫ್ರಾಂಕ್ಲಿನ್ ರೂಸ್‌ವೆಲ್ಟ್ 1932ರ ಫೆಬ್ರವರಿಯಲ್ಲಿ ಅವರನ್ನು ವಜಾ ಮಾಡಿದರು. ಸಾರ್ವಜನಿಕ ಹುದ್ದೆಯಲ್ಲಿರುವವರು ಆದಾಯಕ್ಕೆ ಮೀರಿದ ಹಣದ ಮೂಲವನ್ನು ತಾವೇ ವಿವರಿಸಬೇಕು ಎಂಬ ಗವರ್ನರರ ನಿಲುವನ್ನು ಮೇಷ್ಟ್ರು ನಮ್ಮ 1988ರ ಭ್ರಷ್ಟಾಚಾರ ನಿರ್ಬಂಧಕ ಕಾಯ್ದೆಯಲ್ಲಿ ಆದಾಯ ಮೀರಿದ ಆಸ್ತಿಯ ಬಗ್ಗೆ ಇರುವ ಕಲಮಿನ ಪಕ್ಕದಲ್ಲಿಟ್ಟು ತೋರಿಸಿದ್ದರಿಂದಲೇ ಆ ಕಲಮು ನನಗೆ ಇಂದಿಗೂ ಬಾಯಿಪಾಠ.

ಮೇಯರ್ ಜೇಮ್ಸ್ ವಾಕರ್ ಅವರ ಸರದಿ 1932ರ ಮೇ ತಿಂಗಳಲ್ಲಿ ಬಂತು. ಅವರು ಜನಪ್ರಿಯರು, ಮಾತಿನ ಮಲ್ಲರು. ಜನ ಜಯಕಾರ ಹಾಕಿದ್ದು ಅವರಿಗೇ ಹೊರತು ಸೀಬರಿಯವರಿಗಲ್ಲ. ಆದರೆ ಪತ್ರಿಕಾ ಮಾಲೀಕರೊಬ್ಬರ ಜೊತೆಗಿನ ಜಂಟಿ ಷೇರು ಖಾತೆಯಿಂದ, ಬಿಡಿಗಾಸನ್ನೂ ಹೂಡದೆ, ಸುಮಾರು 2 ಲಕ್ಷ 46 ಸಾವಿರ ಡಾಲರ್ ಅವರ ಕೈಸೇರಿದ್ದು ಕಾಗದದಲ್ಲಿತ್ತು. ಮೇಯರನ್ನು ಕೆಳಗಿಳಿಸುವ ಅಧಿಕಾರ ಸೀಬರಿಯವರಿಗಿರಲಿಲ್ಲ. ದಾಖಲೆಯನ್ನು ಗವರ್ನರಿಗೆ ಕಳುಹಿಸಿದರು. ಅಲ್ಲಿ ವಿಚಾರಣೆ ಮುಗಿಯುವ ಮೊದಲೇ, ಸೆಪ್ಟೆಂಬರ್ 1ರಂದು, ವಾಕರ್ ರಾಜೀನಾಮೆ ಕೊಟ್ಟರು.

ಕೆಲವು ವರ್ಷಗಳ ಹಿಂದೆ ಒಂದು ನಗರಸಭೆಯ ಚರಂಡಿ ಕಾಮಗಾರಿಯ ಪ್ರಕರಣ ನನ್ನ ಬಳಿಗೆ ಬಂದಿತ್ತು. ಪಾಟೀಸವಾಲಿನ ಹಿಂದಿನ ರಾತ್ರಿ ಅಳತೆ ಪುಸ್ತಕವನ್ನೂ ಬಿಲ್ಲುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಾ ಹೋದಾಗ, ಒಂದೇ ನೂರಿಪ್ಪತ್ತು ಮೀಟರ್ ಚರಂಡಿಯನ್ನು ಎರಡು ವಾರ್ಡುಗಳ ಹೆಸರಿನಲ್ಲಿ ಅಳೆದಿರುವುದು ಕಣ್ಣಿಗೆ ಬಿತ್ತು. ಆಮೇಲಷ್ಟೇ ಮೊದಲ ಪ್ರಶ್ನೆಯನ್ನು ಬರೆದುಕೊಂಡೆ.