ಎಡಗಡೆ ಡಿಕ್ಕಿಯಲ್ಲಿ ಆರು ಕೆಜಿ ಅದಿರು

ಡ್ರಾಯಿಂಗ್ ಸರ್ ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬಂದಾಗ ನಾನು ಪುಣೆಯಲ್ಲಿ ಮೀಟಿಂಗಿನಲ್ಲಿದ್ದೆ. ಪರದೆ ಮೇಲೆ ಒಂದು ಗೂಡ್ಸ್ ಗಾಡಿಯ ಮಾಡೆಲ್ ಇತ್ತು. ಅದರ ಗುರುತ್ವ ಕೇಂದ್ರ, ಅಂದರೆ ಇಡೀ ತೂಕದ ನಡು, ಎಲ್ಲಿ ಬರುತ್ತೆ ಅನ್ನೋದೇ ಅವತ್ತಿನ ಚರ್ಚೆ.

ಬಳ್ಳಾರಿಯಲ್ಲಿ ಮೂರು ವರ್ಷ ಡಿಪ್ಲೊಮಾ ಓದಿದೆ. ಯಾವ ಸೆಮಿಸ್ಟರಿನಲ್ಲಿ ಯಾವ ಸಬ್ಜೆಕ್ಟ್ ಅಂತ ಮಾತ್ರ ಕೇಳಬೇಡಿ. ಸರ್ ಪಾಠ ಕಿಟಕಿಯಿಂದ ಶುರುವಾಗುತ್ತಿತ್ತು. "ಹೊರಗ ನೋಡ್ರಪ್ಪಾ. ಸಂಡೂರಿನ ಅದಿರಿನ ಲಾರಿ ಅರ್ಧನೂ ತುಂಬಿಲ್ಲ, ಟೈರು ಅಪ್ಪಚ್ಚಿ. ಹತ್ತಿ ಲಾರಿ ಕರೆಂಟಿನ ವೈರು ಮುಟ್ಟಂಗ ತುಂಬೇತಿ, ತೂಕ ಕಮ್ಮಿ. ತಿರುವಿನಾಗ ಮೊದಲು ಮಗುಚೋದು ಯಾವುದು?" ಹತ್ತಿ ಲಾರಿ, ಅದರ ಕೇಂದ್ರ ಎತ್ತರದಲ್ಲಿರುತ್ತೆ ಅಂತ ಹೇಳಿದವನು ನಾನೇ. (ಇದನ್ನು ಬೇರೆಯವರೂ ಹೇಳಿಕೊಳ್ಳುತ್ತಾರೆ, ನಂಬಬೇಡಿ.)

ಸರ್ ಹತ್ತಿರ ಹಳೇ ಬಜಾಜ್ ಚೇತಕ್ ಇತ್ತು. ಒಂದು ಮಧ್ಯಾಹ್ನ ನಾವು ಮೂವರು ಸೇರಿ ಅದರ ಎಡಗಡೆ ಡಿಕ್ಕಿಗೆ ಅದಿರಿನ ಕಲ್ಲು ತುಂಬಿದೆವು. ನೋಡೋಕೆ ನಾಲ್ಕೇ ಕಲ್ಲು, ಎತ್ತಿದರೆ ಕೈ ಜಗ್ಗುತ್ತಿತ್ತು. ಸಂಜೆ ಸರ್ ಕಿಕ್ ಹೊಡೆದು ಹೊರಟರು. ಗೇಟಿನ ತನಕವೂ ಹೋಗಲಿಲ್ಲ, ನಿಲ್ಲಿಸಿದರು. ಇಳಿದು ಗಾಡಿಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಡಿಕ್ಕಿ ತೆಗೆದರು. ಏನೂ ಮಾತಾಡದೆ ಮುಚ್ಚಿಕೊಂಡು ಹೋದರು. ನಮಗೆ ರಾತ್ರಿ ನಿದ್ದೆಯಿಲ್ಲ.

ಮಾರನೇ ದಿನ ಕಲ್ಲುಗಳು ಮೇಜಿನ ಮೇಲೆ. "ಅಂಗಡಿಯಾಗ ತೂಗಿಸೀನಿ, ಆರು ಕೆಜಿ. ಗಾಡಿ 100 ಅಂತ ಇಟ್ಕೊಳ್ರಿ, ನಾನು 70. ಕಲ್ಲು ಗಾಡಿಯ ನಡುಗೆರೆಯಿಂದ 25 ಸೆಂಟಿಮೀಟರ್ ಎಡಕ್ಕ. ಕೇಂದ್ರ ಎಷ್ಟು ಸರೀತು?" ಆರನ್ನು 25ರಿಂದ ಗುಣಿಸಿ 176ರಿಂದ ಭಾಗಿಸಿದೆವು. ಒಂದು ಸೆಂಟಿಮೀಟರೂ ಬರಲಿಲ್ಲ, 0.85. "ಅಷ್ಟಾದರೂ ನನ್ನ ಸೊಂಟಕ್ಕ ಗೊತ್ತಾತು. ಇದರ ಇಂಜಿನ್ ಇರೋದು ಬಲಕ್ಕ. ಇಷ್ಟು ವರ್ಷ ಎಡಕ್ಕ ವಾಲಿ ಓಡಿಸಿ ರೂಢಿ. ನೀವು ಗಾಡಿ ನೆಟ್ಟಗ ಮಾಡೀರಿ, ನಾನು ಬೀಳೋ ಹಂಗಾತು!" ಯಾರು ಇಟ್ಟಿದ್ದು ಅಂತ ಕೇಳಿದರು. ಯಾರೂ ಏಳಲಿಲ್ಲ.

ಕೊನೇ ವರ್ಷ ಪ್ರಾಜೆಕ್ಟಿಗೆ ಮೂರು ಚಕ್ರದ ಒಂದು ಸಾಮಾನಿನ ಗಾಡಿ ಮಾಡಿದೆವು. ಕಬ್ಬಿಣದ ಫ್ರೇಮು, ಮೇಲೆ ದಪ್ಪ ಹಲಗೆ, ಹಿಂದೆ ಇಂಜಿನ್. ಆಗ ತಾನೇ ಲ್ಯಾಬಿಗೆ ಆಟೋಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್, ಬಂದಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ದೇವಸ್ಥಾನದ ಥರ. ಗಾಡಿಯನ್ನು ಘನವಾಗಿ ಬರೆದು, 'ಮಾಸ್‌ಪ್ರಾಪ್' ಅಂತ ಟೈಪ್ ಮಾಡಿದರೆ ಕೇಂದ್ರ ತಾನೇ ಬಂತು. ಹಿಂದಿನ ಆಕ್ಸಲಿನಿಂದ 52 ಸೆಂಟಿಮೀಟರ್ ಮುಂದೆ, ಅದೂ ನಾಲ್ಕು ದಶಾಂಶದ ತನಕ! ಪ್ರಿಂಟು ಹಿಡಿದು ಓಡಿದೆವು.

ಸರ್ ಕನ್ನಡಕ ಮೇಲೆತ್ತಿ ನೋಡಿದರು. "ಕಬ್ಬಿಣಕ್ಕೂ ಕಟ್ಟಿಗೆಗೂ ಒಂದೇ ತೂಕ ಹಾಕೀರಲ್ಲ?" ನಿಜ, ಆ ಕಮಾಂಡ್ ಎಲ್ಲದಕ್ಕೂ ಸಾಂದ್ರತೆ ಒಂದೇ ಅಂತ ಹಿಡಿಯುತ್ತೆ. ಕೊಟ್ಟಿದ್ದು ಆಕಾರದ ನಡುವನ್ನು, ತೂಕದ ನಡುವನ್ನಲ್ಲ. ಗಾಡಿಯನ್ನು ಅಕ್ಕಿ ಅಂಗಡಿಗೆ ತಳ್ಳಿಸಿಕೊಂಡು ಹೋಗಿ, ಒಂದೊಂದೇ ಚಕ್ರವನ್ನು ಕಾಟಾ ಮೇಲೆ ನಿಲ್ಲಿಸಿದರು, ಉಳಿದವಕ್ಕೆ ಅಷ್ಟೇ ಎತ್ತರದ ಹಲಗೆ ಕೊಟ್ಟು. ಮುಂದಿನದು 30 ಕೆಜಿ, ಹಿಂದಿನ ಎರಡೂ ಸೇರಿ 90. ಮುಂದಿನ ಚಕ್ರಕ್ಕೂ ಹಿಂದಿನ ಆಕ್ಸಲಿಗೂ ಅಂತರ ಒಂದೂವರೆ ಮೀಟರ್. 120ರಲ್ಲಿ 30 ಅಂದರೆ ಕಾಲು ಭಾಗ. ಹಾಗಾಗಿ ಕೇಂದ್ರ ಹಿಂದಿನ ಆಕ್ಸಲಿನಿಂದ ಆ ಅಂತರದ ಕಾಲು ಭಾಗ, 37.5 ಸೆಂಟಿಮೀಟರ್ ಮುಂದೆ ಬಂತು. ಅಂಗಡಿಯವನು ತೂಗಿದ್ದಕ್ಕೆ ದುಡ್ಡು ಕೇಳಿದ, ಸರ್ ಕೊಟ್ಟರು.

ಈಗಿನ ಸಾಫ್ಟ್‌ವೇರಿನಲ್ಲಿ ಉಕ್ಕು ಅಂತ ಆರಿಸಿದರೆ ಸಾಂದ್ರತೆ ಘನ ಮೀಟರಿಗೆ 7850 ಕೆಜಿ, ಅಲ್ಯೂಮಿನಿಯಂ ಅಂದರೆ 2700 ತಾನೇ ಹಾಕಿಕೊಳ್ಳುತ್ತೆ. ಆದರೆ ಹೊರಗಿನಿಂದ ತರಿಸುವ ಇಂಜಿನ್ನು, ಬ್ಯಾಟರಿಯನ್ನು ನಮ್ಮ ಹುಡುಗರು ಸುಮ್ನೆ ಡಬ್ಬಿ ಥರ ಬರೆದು ಬಿಟ್ಟಿರುತ್ತಾರೆ. ಅದರ ತೂಕ ತೂಗಿ, ಕೈಯಾರೆ ತುಂಬಬೇಕು. ಡ್ರೈವರನ್ನೂ ಡೀಸೆಲನ್ನೂ ಮರೆಯಬಾರದು. ನನ್ನ ಕೈಕೆಳಗೆ ಈಗ 14 ಜನ ಇದ್ದಾರೆ. ಒಳ್ಳೇ ಮಾರ್ಕ್ಸ್ ತಗೊಂಡವರೇ. ಕಾಟಾ ಹತ್ತಿರ ಕರೆದುಕೊಂಡು ಹೋದರೆ ಮಾತ್ರ ಮೊಬೈಲ್ ತೆಗೆದು ಫೋಟೋ ಹೊಡೆಯುತ್ತಾರೆ. ಬಳ್ಳಾರಿಗೆ ಬಂದಾಗ ನೋಡಿದೆ, ನಮ್ಮ ಡ್ರಾಯಿಂಗ್ ಬೋರ್ಡುಗಳೆಲ್ಲ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿವೆ. ಹೊಟ್ಟೆ ಉರಿಯಿತು.

ಹದಿಮೂರನೇ ದಿನಕ್ಕೆ ನಾವು ಐದಾರು ಜನ ಸರ್ ಮನೆಗೆ ಹೋಗಿದ್ದೆವು. ಚೇತಕ್ ಬೇವಿನ ಮರದ ಕೆಳಗೆ ಇತ್ತು, ಟೈರು ಕೂತುಹೋಗಿತ್ತು. ಅಮ್ಮ ಚಹಾ ಕೊಡುತ್ತಾ ಒಬ್ಬೊಬ್ಬರ ಮುಖ ನೋಡಿದರು. "ನಿಮ್ಮ ಬ್ಯಾಚಿನ ವಿಷಯ ಬಹಳ ಹೇಳ್ತಿದ್ರು. ಡಿಕ್ಕಿಯಾಗ ಕಲ್ಲು ಇಟ್ಟವ್ರು ಯಾರಪ್ಪಾ ನಿಮ್ಮಾಗ?"

ಈಗಲೂ ಯಾರೂ ಏಳಲಿಲ್ಲ. ನಾನು ಪಕ್ಕದಲ್ಲಿ ಕೂತವನ ಕಡೆ ಕೈ ತೋರಿಸಿದೆ. ಅವನು ಅದೇ ಹೊತ್ತಿಗೆ ನನ್ನ ಕಡೆ ತೋರಿಸುತ್ತಿದ್ದ.